ಇಂದಿನ ಧಮ್ಮ ಚಿಂತನೆ: ಆ ಪಾಯಿಂಟು ಯಾರದು?

 

ಈ ವಾರ ಬರೆಯುವ ಸರದಿ ನನ್ನದು. ಎರಡನೆಯ ಶೀಲದ ಬಗ್ಗೆ ಬರೆಯಿರಿ ಎಂದು ನಮ್ಮ ಬಳಗದ ಹಿರಿಯರು ಹೇಳಿದ್ದರು. ಕಳ್ಳತನದ ಬಗ್ಗೆ ನಾನೇನು ಬರೆಯಲಿ, ಯಾರ ಮನೆಯದೂ ಕದ್ದವನಲ್ಲವಲ್ಲ ಎಂದುಕೊಂಡು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಫೋನಿಗೆ ಒಂದು ಮೇಲ್ ಬಂತು. ನಿಮ್ಮ 11,200 ಪಾಯಿಂಟ್‌ಗಳು ಈ ತಿಂಗಳ 31ಕ್ಕೆ ಮುಗಿಯಲಿವೆ, ಕೂಡಲೇ ಉಳಿಸಿಕೊಳ್ಳಿ ಎಂದು. ಅದನ್ನು ಓದಿದ ಕೂಡಲೇ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಂಡಿತು. ಆ ಬಡಿತದ ಬಗ್ಗೆಯೇ ಬರೆಯೋಣ ಎನ್ನಿಸಿತು.

ಮೊದಲು ಕಂಪನಿ ಕೆಲಸಕ್ಕೆಂದು ಹೈದರಾಬಾದಿನಿಂದ ದೆಹಲಿಗೆ, ಮುಂಬೈಗೆ ಆಗಾಗ ವಿಮಾನದಲ್ಲಿ ಹೋಗುತ್ತಿದ್ದೆ. ಈಗ ನಾಲ್ಕು ವರ್ಷದಿಂದ ಎಲ್ಲವೂ ವಿಡಿಯೋ ಮೀಟಿಂಗ್. ಆಗ ಕೂಡಿದ ಪಾಯಿಂಟುಗಳು ಹಾಗೇ ಉಳಿದಿವೆ. ಎರಡು ವರ್ಷದ ಹಿಂದೆಯೂ ಇದೇ ಮೇಲ್ ಬಂದಿತ್ತು. ಆ ವಿಮಾನ ಕಂಪನಿಯ ಜೊತೆ ಒಪ್ಪಂದವಿರುವ ಅಂಗಡಿಯಲ್ಲಿ ಏನಾದರೂ ಕೊಂಡರೆ ಹಳೆಯ ಪಾಯಿಂಟುಗಳಿಗೆಲ್ಲ ಮತ್ತೆ ಎರಡು ವರ್ಷ ಆಯುಷ್ಯ ಎಂದು ತಿಳಿದು, ರಾತ್ರಿ ಹನ್ನೊಂದು ಗಂಟೆಗೆ ಕೂತು ₹2,150ರ ಒಂದು ಮಿಕ್ಸಿ ತರಿಸಿದೆ. ಪೆಟ್ಟಿಗೆ ಬಂದ ದಿನ ನನ್ನ ಹೆಂಡತಿ, "ಮನ್ಯಾಗ ಒಂದ್ ಮಿಕ್ಸಿ ಅದ, ಇನ್ನೊಂದ್ ಯಾಕ್ ತರಿಸಿದ್ರಿ?" ಅಂದಳು. ಪಾಯಿಂಟ್ ಉಳಿಸಲಿಕ್ಕೆ ಅಂದೆ. "ಎಷ್ಟ್ ಉಳೀತು?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಮಿಕ್ಸಿ ಪೆಟ್ಟಿಗೆ ಬಿಚ್ಚದೆಯೇ ಒಂದು ಮದುವೆಗೆ ಉಡುಗೊರೆಯಾಗಿ ಹೋಯಿತು.

ಈ ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಅಮೆರಿಕನ್ ಏರ್‌ಲೈನ್ಸ್ ಕಂಪನಿ 1981ರಲ್ಲಿ ಅಡ್ವಾಂಟೇಜ್ ಎಂಬ ಯೋಜನೆ ತಂದಿತು. ಇವತ್ತು ಹೆಚ್ಚುಕಡಿಮೆ ಎಲ್ಲ ದೊಡ್ಡ ವಿಮಾನ ಕಂಪನಿಗಳಿಗೂ ಅಂಥದ್ದೊಂದು ಇದೆ. ನಮ್ಮಲ್ಲೇ ಮತ್ತೆ ಮತ್ತೆ ಪ್ರಯಾಣ ಮಾಡು, ಪಾಯಿಂಟ್ ಕೂಡಿಸು, ಸಾಕಷ್ಟು ಕೂಡಿದಾಗ ಒಂದು ಟಿಕೆಟ್ ತೆಗೆದುಕೋ ಎನ್ನುವುದು ಲೆಕ್ಕ. ಪಾಯಿಂಟು ಸಾಯುವುದರಲ್ಲಿ ಎರಡು ಬಗೆ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಲ್ಲಿ ಗಳಿಸಿದ ಮೈಲಿಗೆ ಮೂರು ವರ್ಷದ ಆಯುಷ್ಯ. ಅಡ್ವಾಂಟೇಜ್‌ನಲ್ಲಿ ಹಾಗಲ್ಲ, 24 ತಿಂಗಳು ಖಾತೆಯಲ್ಲಿ ಏನೂ ನಡೆಯದಿದ್ದರೆ ಮಾತ್ರ ಮುಗಿಯುತ್ತದೆ, ನಡುವೆ ಒಂದು ಸಣ್ಣ ಗಳಿಕೆಯಾದರೂ ಗಡಿಯಾರ ಮತ್ತೆ ಮೊದಲಿನಿಂದ ಓಡುತ್ತದೆ. ಅಮೆರಿಕದ ಡೆಲ್ಟಾ ಕಂಪನಿಯ ಮೈಲಿಗಳಿಗೆ ಮುಗಿಯುವ ದಿನವೇ ಇಲ್ಲ. ಆದರೆ ಮುಗಿಯದ ಪಾಯಿಂಟೂ ಸವೆಯುತ್ತದೆ; ಇವತ್ತು ಹತ್ತು ಸಾವಿರಕ್ಕೆ ಸಿಗುವ ಸೀಟಿಗೆ ನಾಳೆ ಹದಿನೈದು ಸಾವಿರ ಎಂದು ಕಂಪನಿ ಹೇಳಿದರೆ ಕೇಳುವವರಿಲ್ಲ. ಇನ್ನು ಕಂಪನಿಯೇ ಇಲ್ಲವಾದರೆ? ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಅನಿಚ್ಚದ ಪಾಠ ಇಲ್ಲಿ ಸುಲಭವಾಗಿ ಸಿಗುತ್ತದೆ, ಅದನ್ನು ಇಲ್ಲಿಗೇ ಬಿಡುತ್ತೇನೆ. ನನ್ನ ತೊಡಕು ಬೇರೆ.

ಮಿಕ್ಸಿ ತರಿಸಿದ ದಿನ ನಾನು ನನಗೇ ಹೇಳಿಕೊಂಡ ಸಮಾಧಾನ ಇದು: ನಾನು ಆಸೆಬುರುಕನಲ್ಲ, ಇದ್ದದ್ದನ್ನು ಹಾಳು ಮಾಡಬಾರದು ಎನ್ನುವವನು. ನಮ್ಮವ್ವ ಒಂದು ಅನ್ನದ ಅಗುಳು ಚೆಲ್ಲಲು ಬಿಡುತ್ತಿರಲಿಲ್ಲ. ಅದೇ ಸಂಸ್ಕಾರ ನನ್ನದು ಎಂದುಕೊಂಡೆ. ಧಮ್ಮದಲ್ಲೂ ಆಧಾರವಿದೆಯಲ್ಲ! ಚುಲ್ಲವಗ್ಗದಲ್ಲಿ ಬರುವ ಆನಂದರ ಪ್ರಸಂಗ ನಿಮಗೆ ಗೊತ್ತಿದೆ. ಕೌಶಾಂಬಿಯ ಉದೇನ ರಾಜನ ಅಂತಃಪುರದ ಸ್ತ್ರೀಯರು ಆನಂದರಿಗೆ 500 ಚೀವರಗಳನ್ನು ಕೊಟ್ಟುಬಿಡುತ್ತಾರೆ. ರಾಜನಿಗೆ ಸಿಟ್ಟು. ಇಷ್ಟು ಬಟ್ಟೆ ತೆಗೆದುಕೊಂಡು ಈ ಸಮಣರು ಅಂಗಡಿ ಇಡುತ್ತಾರೇನು ಎಂದು ಹೋಗಿ ಕೇಳುತ್ತಾನೆ. ಆನಂದರು ಹೇಳುತ್ತಾರೆ: ಚೀವರ ಹರಿದ ಭಿಕ್ಖುಗಳಿಗೆ ಹಂಚುತ್ತೇವೆ. ಹಳೆಯ ಚೀವರ? ಮೇಲ್ಹೊದಿಕೆ ಮಾಡುತ್ತೇವೆ. ಅದು ಹಳತಾದರೆ ಹಾಸಿಗೆಯ ಹೊದಿಕೆ, ಆಮೇಲೆ ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳು ಒರೆಸುವ ಅರಿವೆ. ಅದೂ ಚಿಂದಿಯಾದರೆ ಕುಟ್ಟಿ ಮಣ್ಣಿಗೆ ಬೆರೆಸಿ ನೆಲ ಸಾರಿಸುತ್ತೇವೆ. ರಾಜ ಮೆಚ್ಚಿ ಇನ್ನೂ 500 ಕೊಡುತ್ತಾನೆ.

ಈ ಕಥೆಯನ್ನು ನನ್ನ ಪರವಾಗಿ ಬಹಳ ದಿನ ಬಳಸಿಕೊಂಡೆ. ನಂತರ ಒಂದು ಸಲ ನಿಧಾನವಾಗಿ ಓದಿದಾಗ ನನ್ನ ವಾದ ನಿಲ್ಲಲಿಲ್ಲ. ಆನಂದರ ಬಟ್ಟೆ ಪ್ರತಿ ಹೆಜ್ಜೆಯಲ್ಲೂ ಯಾರದೋ ಕೆಲಸಕ್ಕೆ ಬರುತ್ತದೆ, ಮೈಗೆ, ಕಾಲಿಗೆ, ನೆಲಕ್ಕೆ. ಆ ಬಟ್ಟೆಯನ್ನು ಉಳಿಸಲು ಆನಂದರು ಇನ್ನೊಂದು ಬಟ್ಟೆ ಕೊಳ್ಳುವುದಿಲ್ಲ. ನನ್ನ ಪಾಯಿಂಟು ಯಾವ ಹೆಜ್ಜೆಯಲ್ಲೂ ಯಾರ ಕೆಲಸಕ್ಕೂ ಬರಲಿಲ್ಲ. ಅದನ್ನು ಬದುಕಿಸಲು ನಾನೇ ₹2,150 ಕೊಟ್ಟೆ. ನಮ್ಮವ್ವ ಅನ್ನ ಚೆಲ್ಲಬಾರದು ಅನ್ನುತ್ತಿದ್ದಳು, ಚೆಲ್ಲಬಾರದೆಂದು ಇನ್ನೊಂದು ಸೇರು ಅಕ್ಕಿ ಕೊಂಡು ತರುತ್ತಿರಲಿಲ್ಲ. ಸಿಗದ ವಸ್ತುವಿನ ಆಸೆಯನ್ನು ಗುರುತಿಸುವುದು ನಮಗೆ ಸುಲಭ. ಸಿಕ್ಕಿದೆ ಅಂದುಕೊಂಡದ್ದು ಹೋಗಿಬಿಡುತ್ತದೆ ಎಂಬ ಭಯವೂ ತಣ್ಹಾದ್ದೇ ಇನ್ನೊಂದು ಮುಖ ಎಂದು ನನಗೆ ತಡವಾಗಿ ತಿಳಿಯಿತು. ಅದು ಮಿತವ್ಯಯದ ಅಂಗಿ ಹಾಕಿಕೊಂಡು ಬರುತ್ತದೆ, ಅದಕ್ಕೆ ಗುರುತು ಸಿಗುವುದಿಲ್ಲ.

ಇಂಥ ಯೋಜನೆಗಳಿಗೆ ಇಂಗ್ಲಿಷಿನಲ್ಲಿ ಲಾಯಲ್ಟಿ ಪ್ರೋಗ್ರಾಂ ಎನ್ನುತ್ತಾರೆ. ಲಾಯಲ್ಟಿ ಎಂದರೆ ನಿಷ್ಠೆ. ಆ ಪದ ಕೇಳಿದಾಗ ನನಗೆ ವತನದ ನೆನಪಾಗುತ್ತದೆ. ಹೋಲಿಕೆ ದೊಡ್ಡದಾಯಿತು, ಒಪ್ಪುತ್ತೇನೆ. ಮಿಕ್ಸಿ ಕೊಂಡ ನನ್ನ ಕಷ್ಟಕ್ಕೂ ಊರ ಬಿಟ್ಟಿ ಚಾಕರಿ ಮಾಡಿದ ಅಜ್ಜಂದಿರ ಕಷ್ಟಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಬಾಬಾಸಾಹೇಬರು ಕಂಡ ಒಂದು ಸತ್ಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಗ ಬೆಳಗಾವಿ, ವಿಜಯಪುರ, ಧಾರವಾಡದ ಕಡೆಯೆಲ್ಲ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ಕಲಬುರಗಿ ನಿಜಾಮರದು. ಮುಂಬೈ ಪ್ರಾಂತ್ಯದ ಮಹಾರ್ ವತನ ಎಂದರೆ ಒಂದು ತುಂಡು ಹೊಲ, ಸುಗ್ಗಿಯಲ್ಲಿ ಮನೆ ಮನೆಯಿಂದ ಒಂದಿಷ್ಟು ಕಾಳು. ಅದಕ್ಕೆ ಪ್ರತಿಯಾಗಿ ಹಗಲು ರಾತ್ರಿ ಯಾವಾಗ ಕರೆದರೂ ಚಾಕರಿ. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಸಭೆಯಲ್ಲಿ 1874ರ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಅವರನ್ನು ವಿರೋಧಿಸಿದವರಲ್ಲಿ ನಮ್ಮವರೂ ಇದ್ದರು, ಇದ್ದ ತುಂಡು ಹೊಲ ಹೋಗುತ್ತದೆಂಬ ಭಯದಿಂದ. ಸಣ್ಣ ಲಾಭವೊಂದನ್ನು ಕೈಗೆ ಕೊಟ್ಟು, ಅದು ಹೋಗುತ್ತದೆಂಬ ಭಯದಲ್ಲಿ ಮನುಷ್ಯನನ್ನು ಒಂದೇ ಬಾಗಿಲಲ್ಲಿ ನಿಲ್ಲಿಸುವುದು ಹೊಸ ಉಪಾಯವಲ್ಲ. ಕರ್ನಾಟಕದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ನಾನು ನನ್ನ ಫೋನಿನಲ್ಲಿ ಒಂದು ಸಣ್ಣ ವತನವನ್ನು ನಾನೇ ಬರೆಸಿಕೊಂಡಿದ್ದೆ, ಯಾರೂ ಬಲವಂತ ಮಾಡಿರಲಿಲ್ಲ.

ಇಷ್ಟಾದರೂ ಇದು ನನ್ನೊಬ್ಬನ ಮೂರ್ಖತನ. ಯಾರಿಗೂ ನಷ್ಟವಿಲ್ಲ, ನನ್ನ ಹೆಂಡತಿಗೆ ಸ್ವಲ್ಪ ಸಿಟ್ಟು ಅಷ್ಟೇ. ಬರೆಯಲೇಬೇಕಾದದ್ದು ಮುಂದಿನದು.

ಕಳೆದ ಅಕ್ಟೋಬರಿನಲ್ಲಿ ಧಮ್ಮಚಕ್ರ ಪ್ರವರ್ತನ ದಿನಕ್ಕೆ ನಾಗಪುರದ ದೀಕ್ಷಾಭೂಮಿಗೆ ಹೋದದ್ದು ಬಳಗದ ಎಲ್ಲರಿಗೂ ನೆನಪಿದೆ. ಎರಡು ಟಿಟಿ, 26 ಜನ, ತಲೆಗೆ ₹1,500. ಅದರಲ್ಲಿ ನಾಲ್ಕು ಜನ ಆಯಿಗಳು ವಿಧವಾ ವೇತನದಲ್ಲಿ ತಿಂಗಳು ತಿಂಗಳು ಉಳಿಸಿ ಕೊಟ್ಟಿದ್ದರು. ಗಾಡಿ ಬಾಡಿಗೆ ಬೇರೆ, ಡೀಸೆಲ್ ನಮ್ಮದು ಎಂದು ಮಾತಾಗಿತ್ತು. ಡೀಸೆಲ್ಲಿನ ಜವಾಬ್ದಾರಿ ನಾನು ತೆಗೆದುಕೊಂಡೆ. ನನ್ನ ಕಾರ್ಡಿನಲ್ಲಿ ಹಾಕಿಸುತ್ತೇನೆ, ಬಂದ ಮೇಲೆ ಬಿಲ್ಲು ತೋರಿಸಿ ಖಜಾಂಚಿಯವರಿಂದ ತೆಗೆದುಕೊಳ್ಳುತ್ತೇನೆ ಎಂದೆ. ಎಲ್ಲರೂ, ಒಳ್ಳೆಯದಾಯಿತು, ಮುಂಗಡ ಹಣದ ತಾಪತ್ರಯ ತಪ್ಪಿತು ಅಂದರು. ನಾನು ಹೇಳದೆ ಬಿಟ್ಟದ್ದು ಒಂದಿತ್ತು. ಅದು ಒಂದು ತೈಲ ಕಂಪನಿಯ ಹೆಸರಿರುವ ಕಾರ್ಡು. ಆ ಕಂಪನಿಯ ಬಂಕಿನಲ್ಲೇ ಹಾಕಿಸಿದರೆ ₹100ಕ್ಕೆ 13 ಪಾಯಿಂಟು. 4 ಪಾಯಿಂಟಿಗೆ ₹1. ತಿಂಗಳ ಬಿಲ್ಲಿಗೆ 1,300 ಪಾಯಿಂಟಿನ ಮಿತಿ, ಅಂದರೆ ₹10,000ದ ಡೀಸೆಲ್ಲಿಗೆ ₹325. ಒಂದೇ ಸಲಕ್ಕೆ ₹4,000 ಮೀರಿ ಹಾಕಿಸಿದರೆ ಶೇ 1ರ ಸರ್ಚಾರ್ಜ್ ಮಾಫಿ ಸಿಗುವುದಿಲ್ಲ. ಮಿತಿ ದಾಟಬಾರದೆಂದು ನನ್ನ ಹೆಂಡತಿಯ ಹೆಸರಿನಲ್ಲಿದ್ದ ಅಂಥದೇ ಕಾರ್ಡನ್ನೂ ಜೇಬಿಗೆ ಹಾಕಿಕೊಂಡಿದ್ದೆ. ಇದೆಲ್ಲ ಲೆಕ್ಕ ಹಾಕಿದ್ದು ಎಷ್ಟು ಚಂದ ಎಂದು ಆಗ ನನ್ನ ಬಗ್ಗೆ ನನಗೇ ಹೆಮ್ಮೆಯಿತ್ತು.

ಬೀದರ್ ದಾಟಿ, ನಾಂದೇಡ್ ದಾಟಿ, ಯವತಮಾಳದ ದಾರಿಯಲ್ಲಿ ಹೋಗುತ್ತಿದ್ದೆವು. ನಸುಕಿನ ಹೊತ್ತು. ಡ್ರೈವರ್ ಒಂದು ಬಂಕ್ ತೋರಿಸಿ ಇಲ್ಲಿ ಹಾಕಿಸೋಣವೇ ಎಂದು ಕೇಳಿದ. ದೀಪ ಉರಿಯುತ್ತಿತ್ತು, ಹೊಸ ಕಟ್ಟಡ, ಪಕ್ಕದಲ್ಲೇ ಶೌಚಾಲಯದ ಬೋರ್ಡು ಕಾಣುತ್ತಿತ್ತು. ಆದರೆ ಅದು ಬೇರೆ ಕಂಪನಿಯದು. ಹಿಂದಿನ ಸೀಟಿನಿಂದ ಒಬ್ಬ ಆಯಿ, "ತಮ್ಮಾ, ಇಲ್ಲಿ ಒಂದ್ ಸ್ವಲ್ಪ ನಿಂದ್ರಸಪಾ" ಅಂದರು. "ಹದಿನೈದ್ ನಿಮಿಷ ಆಯಿ, ಮುಂದಿನ ಬಂಕಿಗೆ ನಿಲ್ಲಿಸ್ತೀವಿ" ಅಂದೆ. ಮುಂದಿನ ಬಂಕ್ ಬಂತು, ಅದೂ ನನ್ನ ಕಂಪನಿಯದಲ್ಲ. ಡೀಸೆಲ್ ಹಾಕಿಸದೆ ಸುಮ್ಮನೆ ನಿಲ್ಲಿಸಬಹುದಿತ್ತು. ಈಗ ಬರೆಯುವಾಗ ಅದು ಎಷ್ಟು ಸರಳವಾಗಿ ಕಾಣುತ್ತದೆ! ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಬಂಕ್ ಎಂದರೆ ನನ್ನ ಬಂಕ್ ಮಾತ್ರ. ಎರಡು ಕಡೆ ನಿಲ್ಲಿಸಿದರೆ ತಡವಾಗುತ್ತದೆ ಎಂದು ಲೆಕ್ಕ. ನನ್ನ ಕಂಪನಿಯ ಬಂಕ್ ಸಿಗಲು ನಲವತ್ತು ನಿಮಿಷವೇ ಹಿಡಿಯಿತು.

ಆ ಆಯಿಗೆ ಸಕ್ಕರೆ ಕಾಯಿಲೆ. ತಡೆದುಕೊಳ್ಳಲು ಆಗಿರಲಿಲ್ಲ. ಗಾಡಿ ನಿಂತ ಮೇಲೆ ಹೆಣ್ಣುಮಕ್ಕಳು ಒಂದು ಸೀರೆ ಅಡ್ಡ ಹಿಡಿದು, ಅವರಿಗೆ ಬೇರೆ ಸೀರೆ ಉಡಿಸಿದರು. ದೀಕ್ಷಾಭೂಮಿಗೆಂದು ಇಟ್ಟುಕೊಂಡಿದ್ದ ಬಿಳಿ ಸೀರೆ ದಾರಿಯಲ್ಲೇ ಉಟ್ಟರು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ನಾನು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಎಂದರೆ, ಪಂಪಿನ ಹತ್ತಿರ ನಿಂತು ಹುಡುಗನಿಗೆ, ₹3,900ಕ್ಕೆ ನಿಲ್ಲಿಸು ಎಂದು ಹೇಳುತ್ತಿದ್ದೆ.

(ಇದನ್ನು ಅವರನ್ನು ಕೇಳಿಯೇ ಬರೆದಿದ್ದೇನೆ. "ಬರಿ, ನಂದೇನದ ಅದ್ರಾಗ, ನಾಚ್ಕಿ ನಿನಗ" ಅಂದರು.)

ಊರಿಗೆ ಬಂದ ಮೇಲೆ ಬಿಲ್ಲು ಕೊಟ್ಟೆ. ಒಟ್ಟು ₹20,700. ಖಜಾಂಚಿಯವರು ಅಷ್ಟನ್ನೂ ಕೊಟ್ಟರು. ಎರಡು ಕಾರ್ಡಿಗೂ ತಲಾ 1,300 ಪಾಯಿಂಟು ಬಂದವು, ಒಟ್ಟು ₹650. ಅದರಲ್ಲಿ ನನ್ನ ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡೆ.

ಇದು ಕಳ್ಳತನವೇ? ಪಂಚಶೀಲದ ಎರಡನೆಯ ಮಾತನ್ನು ನಾವು ಕನ್ನಡದಲ್ಲಿ ಕದಿಯುವುದಿಲ್ಲ ಎಂದು ಹೇಳಿಕೊಳ್ಳುತ್ತೇವೆ. ಬಾಬಾಸಾಹೇಬರ 22 ಪ್ರತಿಜ್ಞೆಗಳಲ್ಲೂ ಅದೇ ಇದೆ. ಪಾಲಿಯಲ್ಲಿರುವ ಪದ ಅದಿನ್ನಾದಾನ. ದಿನ್ನ ಎಂದರೆ ಕೊಟ್ಟದ್ದು, ಅದಿನ್ನ ಎಂದರೆ ಕೊಡದೆ ಇದ್ದದ್ದು. ಕದಿಯುವುದು ಎಂದಾಗ ನನ್ನ ಕೈ ಏನು ಮಾಡಿತು ಎಂದು ನೋಡುತ್ತೇನೆ, ನಾನು ಪಾರಾಗುತ್ತೇನೆ. ಅದಿನ್ನಾದಾನ ಎಂದಾಗ ಕೊಡುವವರ ಕಡೆಗೆ ತಿರುಗಬೇಕಾಗುತ್ತದೆ. ಕೊಟ್ಟರೇ? ಕೊಡುತ್ತಿದ್ದೇವೆಂದು ಅವರಿಗೆ ಗೊತ್ತಿತ್ತೇ?

ನಮ್ಮ ಬಳಗದ ಕೇಂದ್ರ ಸರ್ಕಾರಿ ನೌಕರರೊಬ್ಬರು ಒಂದು ವಿಷಯ ಹೇಳಿದರು, ಅದು ನನಗೆ ಬಹಳ ಸಹಾಯವಾಯಿತು. ಸರ್ಕಾರಿ ಕೆಲಸದ ಟಿಕೆಟ್ಟಿಗೆ ಬಂದ ಮೈಲೇಜ್ ಪಾಯಿಂಟುಗಳನ್ನು ಇಲಾಖೆಯ ಬೇರೆ ಸರ್ಕಾರಿ ಪ್ರಯಾಣಕ್ಕೇ ಬಳಸಬೇಕು, ಸ್ವಂತ ಪ್ರವಾಸಕ್ಕೆ ಬಳಸಿದರೆ ಇಲಾಖಾ ಕ್ರಮ ಎಂದು ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಯ ಸೂಚನೆ ಇದೆಯಂತೆ. ಪಾಯಿಂಟು ಬಂದದ್ದು ಅಧಿಕಾರಿಯ ಹೆಸರಿಗೇ, ಆದರೆ ಹಣ ಸಾರ್ವಜನಿಕರದು. ನಾನು ನಮ್ಮ ಕಂಪನಿಯಲ್ಲಿ ಕೇಳಿದೆ. ಅವು ನೌಕರರಿಗೇ ಎಂದು ಬರೆದು ಕೊಟ್ಟರು. ಒಂದೇ ವಿಮಾನ, ಅಕ್ಕಪಕ್ಕದ ಸೀಟು, ಅದೇ 500 ಪಾಯಿಂಟು. ನನಗೆ ಕೊಟ್ಟದ್ದು, ಅವರಿಗೆ ಕೊಡದೆ ಇದ್ದದ್ದು. ಪಾಯಿಂಟನ್ನು ಎಷ್ಟು ತಿರುಗಿಸಿ ನೋಡಿದರೂ ಈ ವ್ಯತ್ಯಾಸ ಕಾಣುವುದಿಲ್ಲ. ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಡೀಸೆಲ್ಲಿನ ವಿಷಯದಲ್ಲಿ ನಾನು ಕೇಳಿರಲಿಲ್ಲ. ಕೇಳಿದ್ದರೆ ಎಲ್ಲರೂ ಇಟ್ಟುಕೋ ಎನ್ನುತ್ತಿದ್ದರೇನೋ. ಹಾಗೆಂದು ನನಗೆ ಗೊತ್ತಿದ್ದೂ ಕೇಳಲಿಲ್ಲವಲ್ಲ, ಅದೇಕೆ?

₹650ಕ್ಕೆ ಇಷ್ಟು ದೊಡ್ಡ ಚಿಂತನೆ ಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ತಥಾಗತರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುತ್ತಾರೆ: ನ್ಯಾಯವಾಗಿ ಗಳಿಸಿದ್ದು ಇದೆಯೆಂಬ ಸುಖ, ಅದನ್ನು ಅನುಭವಿಸುವ, ಪುಣ್ಯಕಾರ್ಯಕ್ಕೆ ಬಳಸುವ ಸುಖ, ಸಾಲವಿಲ್ಲದ ಸುಖ, ನಿರ್ದೋಷಿಯಾಗಿರುವ ಸುಖ. ಮೊದಲ ಮೂರೂ ಸೇರಿ ಕೊನೆಯದರ ಹದಿನಾರನೆಯ ಒಂದು ಪಾಲಿಗೂ ಬರುವುದಿಲ್ಲ ಎನ್ನುತ್ತಾರೆ. ನಾನು ಆ ಪೆಟ್ರೋಲ್ ಹಾಕಿಸಿಕೊಂಡ ದಿನ ಗಳಿಕೆಯ ಸುಖ ಇತ್ತು, ಬಳಕೆಯ ಸುಖ ಇತ್ತು. ಆಯಿ ವಿಹಾರದ ಮೆಟ್ಟಿಲ ಮೇಲೆ ಎದುರಾದಾಗ ಮಾತ್ರ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದೆ.

ಹೋದ ಭಾನುವಾರ ವಂದನೆಯ ನಂತರ ಎಲ್ಲರ ಮುಂದೆ ಹೇಳಿದೆ. ಖಜಾಂಚಿಯವರು ನಕ್ಕರು. ಹಣ ಮುಂಗಡ ಹಾಕಿದವರು ನೀವು, ಬಿಲ್ಲು ತಡವಾಗಿದ್ದರೆ ಬಡ್ಡಿ ನೀವೇ ಕಟ್ಟುತ್ತಿದ್ದಿರಿ, ಪಾಯಿಂಟು ನಿಮ್ಮದೇ ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ. ನಮ್ಮ ಇಂಜಿನಿಯರಿಂಗ್ ಹುಡುಗ, ಇಲ್ಲ, 26 ಜನಕ್ಕೆ ಹಂಚಿದರೆ ತಲಾ ₹25 ಬರುತ್ತದೆ, ಕೊಡಬೇಕು ಎಂದು ಹಟ ಹಿಡಿದ. ಮತ್ತೊಬ್ಬರು ದಾನಪೆಟ್ಟಿಗೆಗೆ ಹಾಕಿ ಎಂದರು. ಅರ್ಧ ಗಂಟೆ ವಾದ ನಡೆಯಿತು, ಚಹಾ ಆರಿತು. ಕೊನೆಗೆ ಆ ಆಯಿಯೇ, "ನಿನ್ ಪಾಯಿಂಟ್ ನೀನೇ ಇಟ್ಕೊ ತಮ್ಮಾ. ಬರೋ ವರ್ಷ ಗಾಡಿ ನಾ ಅಂದಲ್ಲಿ ನಿಂದ್ರಸು" ಅಂದರು. ನಾನು ₹650 ಪೆಟ್ಟಿಗೆಗೆ ಹಾಕಿದೆ. ಬರುವ ವರ್ಷ ಡೀಸೆಲ್ ಹಣವನ್ನು ಖಜಾಂಚಿಯವರೇ ಬಳಗದ ಖಾತೆಯಿಂದ ಯುಪಿಐ ಮಾಡುತ್ತಾರೆ, ಯಾವ ಬಂಕ್ ಸಿಕ್ಕರೂ ಸರಿ, ಎರಡು ತಾಸಿಗೊಮ್ಮೆ ನಿಲ್ಲಿಸುವುದು ಎಂದು ಬರೆದುಕೊಂಡೆವು.

ಇನ್ನು ಆ 11,200 ವಿಮಾನದ ಪಾಯಿಂಟು. ಸುಮ್ಮನೆ ಸಾಯಲು ಬಿಟ್ಟರೆ ತ್ಯಾಗ ಮಾಡಿದೆನೆಂಬ ಅಹಂಕಾರ ಬೇರೆ ಬರುತ್ತದೆ, ಅದೂ ಬೇಡ. ನಮ್ಮ ಬಳಗದ ಹುಡುಗಿಯೊಬ್ಬಳಿಗೆ ಮುಂದಿನ ತಿಂಗಳು ದೆಹಲಿಯಲ್ಲಿ ಸಂದರ್ಶನವಿದೆ. ನನ್ನ ಪಾಯಿಂಟಿನಿಂದ ಬೇರೆಯವರ ಹೆಸರಿಗೂ ಟಿಕೆಟ್ ತೆಗೆಯಬಹುದು. ಮೊದಲ ಯೋಚನೆ, ಟಿಕೆಟ್ ಕೊಡುತ್ತೇನೆ ಎಂದಷ್ಟೇ ಹೇಳಿ ದೊಡ್ಡವನಾಗುವುದು. ಆಮೇಲೆ ನಾಚಿಕೆಯಾಯಿತು. ನಮ್ಮ ಹಿರಿಯರ ಮಡಿಲಿಗೆ ಬಿದ್ದದ್ದೆಲ್ಲ ಯಾರದೋ ಮನೆಯಲ್ಲಿ ಮಿಕ್ಕಿದ್ದೇ. ಮಿಕ್ಕಿದ್ದನ್ನು ದಾನವೆಂದು ಹೇಳಿ ಕೊಡುವವರ ಮುಖ ನಮಗೆ ಗೊತ್ತು. ಹಾಗಾಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನೋಡಮ್ಮಾ, ಇವು 31ಕ್ಕೆ ಮುಗಿಯುವ ಪಾಯಿಂಟು, ನಾನು ಕೈಯಿಂದ ಕೊಡುತ್ತಿರುವುದಲ್ಲ. ನಿನಗೆ ಬೇಕಾದ ದಿನಕ್ಕೇ ತೆಗೆಯೋಣ, ಪಾಯಿಂಟು ಸಾಲದಿದ್ದರೆ ಉಳಿದದ್ದನ್ನು ನಾನು ಹಣವಾಗಿ ಕಟ್ಟುತ್ತೇನೆ. ರೈಲಿನಲ್ಲೇ ಹೋಗುತ್ತೇನೆ ಎಂದರೂ ನನಗೆ ಬೇಸರವಿಲ್ಲ.

ಮನೆಯಲ್ಲಿ ಕೇಳಿ ನಾಳೆ ಹೇಳ್ತೀನಿ ಅಣ್ಣಾ ಅಂದಿದ್ದಾಳೆ. ಇವತ್ತು 28.